ಪಟ್ಟಿಯಿಂದ ನಾನು ಹೊಡೆದು ಹಾಕಿದ ಸಾಲು

ಗೇಮಿಂಗ್ ಕಂಪ್ಯೂಟರ್ ಮಾಡಿಸಬೇಕು ಎಂದು ಅಂಗಡಿಗೆ ಬಂದವರು ಮೊದಲು ಗಂಡಸರನ್ನು ಹುಡುಕುತ್ತಿದ್ದರು. ನಾನು ಎದುರಿಗೇ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರೂ, ಜೋಡಿಸುವವರು ಯಾರೂ ಇಲ್ಲವಾ ಎಂದು ನನ್ನನ್ನೇ ಕೇಳುತ್ತಿದ್ದರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ, ಅವರು ಊಟಕ್ಕೆ ಹೋಗಿದ್ದಾರೆ, ಬರುವುದರೊಳಗೆ ನಾನು ಮುಗಿಸಿಕೊಡುತ್ತೇನೆ ಎಂದು ಹೇಳಿ ಕೆಲಸ ಮುಗಿಸಿ ಕಳಿಸುವುದನ್ನು ಕಲಿತೆ. ಎಷ್ಟೋ ಜನ ಇವತ್ತಿಗೂ ಆ ಊಟಕ್ಕೆ ಹೋದ ಗಂಡಸೇ ತಮ್ಮ ಕಂಪ್ಯೂಟರ್ ಜೋಡಿಸಿದ್ದು ಎಂದು ನಂಬಿಕೊಂಡಿದ್ದಾರೆ.

ನಾನು ಸುಧಾ, ಅಂಕೋಲೆಯವಳು. ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಸಂಜೆ ಮರಳಿದೆ. ಟೈಪಿಂಗ್ ಮಾಡಲೆಂದು ಸೇರಿದವಳು. ಒಂದು ದಿನ ಕೆಟ್ಟ ಕೀಬೋರ್ಡನ್ನು ಯಾರನ್ನೂ ಕೇಳದೆ ಬಿಚ್ಚಿ ಸರಿಮಾಡಿದೆ. ಅಂಗಡಿಯ ಮಾಲಕರು ಬೈಯುತ್ತಾರೆ ಅಂದುಕೊಂಡರೆ, ನಾಳೆಯಿಂದ ಆ ಮೇಜಿಗೆ ಕೂತುಕೋ ಅಂದರು. ಕಳೆದ ವರ್ಷ ಕೆಲಸ ಬಿಟ್ಟೆ. ಪ್ರೊಸೆಸರಿನ ಮೂಲೆಯಲ್ಲಿ ಯಾವ ಕಡೆ ಕೂರಿಸಬೇಕು ಎಂದು ತೋರಿಸುವ ಒಂದು ಸಣ್ಣ ತ್ರಿಕೋನ ಇರುತ್ತದೆ. ಅದು ಕಣ್ಣಿಗೆ ಕಾಣಿಸದಂತಾದ ಮೇಲೆ ಆ ಮೇಜಿಗೆ ಕೂರುವುದು ತಪ್ಪು. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡಿ ಅದು ಇದು ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾಲಕರ ಹೆಸರು ಪಾಂಡುರಂಗ. ಮನೆಮಾತು ಕೊಂಕಣಿ, ಸಿಟ್ಟು ಮೂಗಿನ ತುದಿಯಲ್ಲೇ, ಲೆಕ್ಕಕ್ಕಿಂತ ಹೆಚ್ಚು ಚಹಾ. ಕಂಪ್ಯೂಟರ್ ಬರುವ ಮೊದಲು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದವರು. ಅವರದೊಂದು ಪದ್ಧತಿ ಇತ್ತು. ಗಿರಾಕಿ ಎಂಥ ಪಟ್ಟಿ ತಂದರೂ ಅದನ್ನು ಮಡಚಿ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಬೇಕು: ಯಾವ ಆಟ ಆಡುತ್ತೀ, ಮನೆ ಯಾವ ಊರಲ್ಲಿ, ಮನೆಯೊಳಗೆ ಎಲ್ಲಿ ಇಡುತ್ತೀ. ಉತ್ತರ ಬಂದ ಮೇಲೆಯೇ ಪಟ್ಟಿ ಬಿಚ್ಚಬೇಕು. ನನಗೆ ಅದು ಮುದುಕರ ಹಟದ ಹಾಗೆ ಕಾಣುತ್ತಿತ್ತು.

ಹಿಂದೆ ಗಿರಾಕಿಗಳು ಪಟ್ಟಿ ತರುತ್ತಲೇ ಇರಲಿಲ್ಲ. ಒಂದು ಕಂಪ್ಯೂಟರ್ ಕೊಡಿ ಅನ್ನುತ್ತಿದ್ದರು, ಒಂದು ಕಿಲೋ ಸಕ್ಕರೆ ಕೊಡಿ ಅಂದ ಹಾಗೆ. ಬಿಡಿಭಾಗಗಳು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವು. ಬಂದದ್ದನ್ನೇ ಕೂಡಿಸಿ ಕೊಡುತ್ತಿದ್ದೆವು. ಈಗಿನ ಮಕ್ಕಳು ಫೋನಿನಲ್ಲಿ ವಿಡಿಯೋ ನೋಡಿ ನನಗಿಂತ ಚೆನ್ನಾಗಿ ಓದಿಕೊಂಡು ಬರುತ್ತಾರೆ. ಅದು ಒಳ್ಳೆಯದೇ, ನಾನು ಕೊಂಕು ಆಡುವುದಿಲ್ಲ. ಆದರೆ ಆ ವಿಡಿಯೋ ಮಾಡಿದವನು ದೊಡ್ಡ ಊರಲ್ಲಿ ಏಸಿ ಹಾಕಿಕೊಂಡು ಕೂತವನು. ನಮ್ಮ ಗಾಳಿ ಅವನಿಗೆ ಗೊತ್ತಿಲ್ಲ.

ಗಾಳಿಯ ವಿಷಯ ನನಗೂ ಪೆಟ್ಟು ತಿಂದ ಮೇಲೆಯೇ ಗೊತ್ತಾದದ್ದು. ಸಮುದ್ರದ ಎದುರಿಗೇ ಮನೆ ಇದ್ದ ಒಬ್ಬ ಕಾಲೇಜು ಹುಡುಗನಿಗೆ ಆರು ಫ್ಯಾನಿನ, ಮುಂದೆಲ್ಲ ಜಾಲರಿಯೇ ಇದ್ದ ಕ್ಯಾಬಿನೆಟ್ ಹಾಕಿಕೊಟ್ಟೆ. ನೋಡಲು ಚಂದವೋ ಚಂದ. ಎರಡನೇ ವರ್ಷಕ್ಕೆ ಅದು ಸತ್ತಿತು ಎಂದು ತಂದ. ಬಿಚ್ಚಿದರೆ ಒಳಗೆಲ್ಲ ಹಸಿರು ಹಿಡಿದಿದೆ, ರ‍್ಯಾಮ್ ಕೂರುವ ಜಾಗದಲ್ಲಿ ಕಿಲುಬು. ಆರು ಫ್ಯಾನು ಸೇರಿ ಹಗಲಿಡೀ ಉಪ್ಪುಗಾಳಿಯನ್ನು ಒಳಗೆ ಎಳೆದಿದ್ದವು. ಮಾಲಕರು ಬೈಯಲಿಲ್ಲ. ಮನೆ ಎಲ್ಲಿ ಅಂತ ಕೇಳಿದ್ದೆಯಾ ಎಂದಷ್ಟೇ ಕೇಳಿದರು. ಬೈದಿದ್ದರೆ ಬೇಗ ಮರೆತುಬಿಡುತ್ತಿದ್ದೆ.

ಹಬ್ಬುವಾಡದ ಒಬ್ಬನಂತೂ ಕೈಲಿದ್ದ ಬಜೆಟ್ಟಿನ ಮುಕ್ಕಾಲು ಪಾಲು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಸುರಿದ. ಉಳಿದದ್ದರಲ್ಲಿ ಹಳೇ ಪ್ರೊಸೆಸರು, ಒಂದೇ ಒಂದು ರ‍್ಯಾಮು, ಯಾರೋ ಬಿಸಾಡಿದ ಹಾರ್ಡ್ ಡಿಸ್ಕು. ಮೂಗಿಗಿಂತ ಮೂಗುತಿ ಭಾರ ಆಗ್ತದೆ ತಮಾ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆಟ ತೆರೆದುಕೊಳ್ಳುವುದರೊಳಗೆ ಅವನ ಅಮ್ಮ ಒಂದು ಹೊತ್ತಿನ ದೋಸೆ ಹೊಯ್ದು ಮುಗಿಸುತ್ತಿದ್ದಳಂತೆ. ಮೊದಲ ಸಲ ಮಾಡಿಸುವವರಿಗೆ ನಾನು ಹೇಳುವುದು ಇಷ್ಟೇ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತೆಗೆದುಕೊಂಡು ಒಂದಷ್ಟು ಕಾಲ ಆಡು. ಕಾರ್ಡು ಆಮೇಲೆ ಹಾಕಿದರಾಯಿತು. ರ‍್ಯಾಮು ಒಂದು ದೊಡ್ಡದರ ಬದಲು ಎರಡು ಸಣ್ಣವು ಇರಲಿ. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಬೇಡ, ಅದು ಹೋಗುವಾಗ ಉಳಿದವರನ್ನೂ ಕರೆದುಕೊಂಡೇ ಹೋಗುತ್ತದೆ.

ಇವೆಲ್ಲ ದುಡ್ಡು ಕೊಟ್ಟರೆ ಸರಿಯಾಗುವ ತಪ್ಪುಗಳು. ನಾನು ಬರೆಯಲು ಕೂತದ್ದು ಇವುಗಳ ಸಲುವಾಗಿ ಅಲ್ಲ.

ನಾಗವೇಣಿ ಹಿಲ್ಲೂರಿನ ಹುಡುಗಿ. ಡಿಗ್ರಿ ಮುಗಿಸಿ ಅಂಕೋಲೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗದ್ದೆ ಮನೆ, ಅಪ್ಪ ಬೊಮ್ಮಯ್ಯ, ಅಮ್ಮ, ಅವಳು. ಒಂದು ಆಷಾಢದಲ್ಲಿ ಕೊಡೆಯಿಂದ ನೀರು ಸೋರಿಸಿಕೊಂಡೇ ಅಂಗಡಿಗೆ ಬಂದು, ಗಂಡಸರನ್ನು ಹುಡುಕದೆ ನೇರ ನನ್ನ ಮುಂದೆ ಕೂತಳು. ಅದಕ್ಕೇ ಅವಳು ಕಂಡಕೂಡಲೇ ಇಷ್ಟವಾದಳು. ಯಾವ ಆಟ ಎಂದು ಕೇಳಿದೆ. ಕಾಡು, ಬೆಟ್ಟ, ಕುದುರೆ ಇರುವ ಒಂದು ಆಟ, ಇಂಟರ್ನೆಟ್ ಇಲ್ಲದೆಯೂ ಆಡಬಹುದು ಅಂದಳು. ಕಾಡು ನಿಮ್ಮನೆ ಹಿತ್ತಿಲಲ್ಲೇ ಇದೆಯಲ್ಲ ಮಾರಾಯ್ತಿ ಎಂದು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ಹಿತ್ಲ ಕಾಡಿಗೆ ಹೊರಟ್ರೆ ನಾಲ್ಕು ಜನ ಕೇಳ್ತ್ರು ಅಕ್ಕಾ, ಎಲ್ಲಿಗೆ, ಎಂತಕೆ, ಯಾರ ಸಂಗ್ತಿಗೆ ಹೇಳಿ. ಆಟದಲ್ಲಿ ಯಾರೂ ಕೇಳೂದಿಲ್ಲ" ಅಂದಳು.

ಮನೆಯಲ್ಲಿ ಅವಳು ಸುಳ್ಳು ಹೇಳಿರಲಿಲ್ಲ. ಓದಲಿಕ್ಕೆ, ಪರೀಕ್ಷೆಗೆ ಎಂದು ಎಲ್ಲ ಮಕ್ಕಳೂ ಹೇಳುತ್ತಾರೆ. ಇವಳು ಆಟ ಆಡಲಿಕ್ಕೆ ಎಂದೇ ಹೇಳಿದ್ದಳು, ತನ್ನ ಸಂಬಳದಲ್ಲಿ. ಬೊಮ್ಮಯ್ಯ ನಾಲ್ಕು ದಿನ ಮಾತು ಬಿಟ್ಟು, ಐದನೇ ದಿನ ಒಪ್ಪಿದ್ದ. ಒಂದೇ ಷರತ್ತು: ಅದರಿಂದ ಮನೆಗೆ ಏನಾದರೂ ಕೆಡುಕಾದರೆ ಆವತ್ತೇ ಅದು ಹೊರಗೆ, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಅವಳಿಗೆ ಆ ಮನೆಯಲ್ಲಿ ತನ್ನದು ಅಂತ ಇರಲಿದ್ದದ್ದು ಅದೊಂದೇ.

ಪಟ್ಟಿ ಮಾಡಲು ಕೂತೆವು. ಅವಳ ಆಟಕ್ಕೆ ಕಾರ್ಡು ಬೇಕೇ ಬೇಕಿತ್ತು. ಆಮೇಲೆ ಹಾಕಿದರಾಯಿತು ಎಂಬ ನನ್ನ ಉಪದೇಶ ಅಲ್ಲಿ ನಡೆಯುವಂತಿರಲಿಲ್ಲ. ಕ್ಯಾಬಿನೆಟ್ ಸಾದಾ ಮಾಡಿದೆವು. ದೀಪ ಮಿನುಗುವ ಫ್ಯಾನು ತೆಗೆದೆವು. ಮಾನಿಟರ್ ಸಣ್ಣದಾಯಿತು. ಪವರ್ ಸಪ್ಲೈ ಅವಳು ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಆದರೆ ಒಳ್ಳೆಯದೇ. ಅದನ್ನು ಇಳಿಸಿದ್ದು ಅವಳು, ಒಪ್ಪಿದ್ದು ನಾನು. ಇಷ್ಟಾದರೂ ಹಾಸಿಗೆಗಿಂತ ಕಾಲು ತುಸು ಹೊರಗೇ ಇತ್ತು.

ನಮ್ಮಲ್ಲಿ ಹಳ್ಳಿಯ ಹಳೇ ಮನೆಗಳಿಗೆ ಕೊಡುವ ಪಟ್ಟಿಯ ಕೊನೆಯಲ್ಲಿ ಮಾಲಕರು ತಾವೇ ಒಂದು ಸಾಲು ಬರೆದಿಡುತ್ತಿದ್ದರು: ಟ್ರಿಪ್ ಸ್ವಿಚ್. ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬಿದ್ದು ಇಡೀ ಮನೆಯ ಲೈನು ಕಡಿಯುವ ಸಣ್ಣ ಡಬ್ಬಿ ಅದು. ಕಂಪ್ಯೂಟರಿನ ಭಾಗವೇ ಅಲ್ಲ, ಯಾವ ವಿಡಿಯೋದ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ತೆಗೆದರೆ ಕಾರ್ಡು ಅವಳ ದುಡ್ಡಿನೊಳಗೆ ಸರಿಯಾಗಿ ಕೂರುತ್ತಿತ್ತು. ಹುಡುಗಿಯ ಮುಖ ನೋಡಿದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗನ್ನು ನಾನೇ ಬಂದು ನೋಡುತ್ತೇನೆ, ಚೆನ್ನಾಗಿದ್ದರೆ ಇದು ಮುಂದಿನ ವರ್ಷ ಹಾಕಿದರಾಯಿತು ಎಂದುಕೊಂಡು ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದೆ. ಅದು ಏನು ಎಂದು ಅವಳಿಗೆ ವಿವರಿಸಲೂ ಇಲ್ಲ.

ಶ್ರಾವಣದ ಒಂದು ಭಾನುವಾರ ಹಿಲ್ಲೂರಿಗೆ ಹೋಗಿ ಕೂರಿಸಿದೆ. ಮಳೆ ಹೊಡೆಯುತ್ತಿತ್ತು, ಅಂಗಳವೆಲ್ಲ ನೀರು. ಮನೆಯ ಅರ್ಥಿಂಗ್ ಬಾವಿಯ ಹತ್ತಿರದ ಒಂದು ಗುಂಡಿಯಲ್ಲಿತ್ತು. ಉಪ್ಪು, ಇದ್ದಲು ತುಂಬಿದ ಹಳೇ ಗುಂಡಿ. ಬಲ್ಬು ಹಚ್ಚಿ ಪರೀಕ್ಷೆ ಮಾಡಿದೆ. ಝಗ್ಗನೆ ಹತ್ತಿತು. ಅರ್ಥಿಂಗ್ ಫಸ್ಟ್ ಕ್ಲಾಸ್ ಇದೆ ಎಂದು ಬೊಮ್ಮಯ್ಯನಿಗೆ ಹೇಳಿ, ಅವನ ಹೆಂಡತಿ ಕೊಟ್ಟ ಚಹಾ ಕುಡಿದು ಬಂದೆ. ನಾಗವೇಣಿ ಕುಂಕುಮದ ಬಟ್ಟಲು ಹಿಡಿದು ಬಂದಾಗ ಹಚ್ಚುವುದಾದರೆ ರಟ್ಟಿನ ಪೆಟ್ಟಿಗೆಗೆ ಹಚ್ಚು ಎಂದು ಗದರಿದ್ದೂ ನೆನಪಿದೆ. ಅವಳಷ್ಟು ಸಂತೋಷಪಟ್ಟದ್ದನ್ನು ನಾನು ಆಮೇಲೆ ನೋಡಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಾನು ದಂಡೆಯ ಮೇಲೆ ಹುಟ್ಟಿ ಬೆಳೆದವಳು. ನಮ್ಮ ಕಡೆ ಎರಡು ಮೊಳ ಅಗೆದರೆ ನೀರು. ಏಪ್ರಿಲ್ಲಿನಲ್ಲೂ ಮರಳಿನ ಕೆಳಗೆ ನೆಲ ಹಸಿಯಾಗಿಯೇ ಇರುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವುದು ಎಂಬ ಮಾತೇ ನಮ್ಮಲ್ಲಿ ಇಲ್ಲ. ಹಿಲ್ಲೂರು ಹಾಗಲ್ಲ. ಅದು ಒಳನಾಡು, ಕೆಂಪು ಕಲ್ಲಿನ ದಿಬ್ಬ. ಮಳೆಗಾಲದಲ್ಲಿ ನೀರು ಕುಡಿದು ನಿಂತ ಕಲ್ಲು ಬೇಸಿಗೆಯಲ್ಲಿ ಇಟ್ಟಿಗೆಯ ಹಾಗೆ ಒಣಗುತ್ತದೆ. ಆ ಗುಂಡಿಗೆ ಶಿವರಾತ್ರಿಯಿಂದ ಮಳೆ ಬೀಳುವ ತನಕ ದಿನಾ ಒಂದು ಕೊಡ ನೀರು ಹಾಕಬೇಕು. ಇಲ್ಲದಿದ್ದರೆ ಅರ್ಥಿಂಗ್ ಇದ್ದೂ ಇಲ್ಲ. ಸಮುದ್ರದ ಬದಿಯವಳು ಮಳೆಯಲ್ಲಿ ಹೋಗಿ ಒಳನಾಡಿನ ನೆಲಕ್ಕೆ ಸರ್ಟಿಫಿಕೇಟು ಕೊಟ್ಟು ಬಂದಿದ್ದೆ.

ವೈಶಾಖದಲ್ಲಿ ಒಂದು ಬೆಳಿಗ್ಗೆ ಬೊಮ್ಮಯ್ಯ ಶೇಂಗಾಕ್ಕೆ ನೀರು ಬಿಡಲು ಬಾವಿಯ ಪಂಪು ಹಾಕಿದ. ಪಂಪಿನ ತಂತಿಯ ಸುರುಳಿ ಅರ್ಧ ಸುಟ್ಟು ಒಳಗೆ ಕರೆಂಟು ಸೋರುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಸೋರಿದ ಕರೆಂಟು ನೆಲಕ್ಕೆ ಇಳಿಯಬೇಕು, ಗುಂಡಿ ಒಣಗಿತ್ತು. ಅದು ಅರ್ಥಿಂಗ್ ತಂತಿ ಹಿಡಿದು ಮನೆಯೊಳಗೆ ಬಂದು ಕಂಪ್ಯೂಟರಿನ ಕಬ್ಬಿಣದ ಕ್ಯಾಬಿನೆಟ್ಟಿನಲ್ಲಿ ಕೂತಿತು. ಮಗಳು ಅಂಕೋಲೆಗೆ ಹೊರಟಿದ್ದಳು. ಮೇಜಿನ ಮೇಲೆ ಧೂಳು ಕಂಡು ಬೊಮ್ಮಯ್ಯ ಬರಿಗಾಲಲ್ಲೇ ಒದ್ದೆ ಪಂಜಿಬಟ್ಟೆ ತಂದು ಒರೆಸಲು ಹೋದ. ಮಗಳ ವಸ್ತು ಎಂದು ಒರೆಸಲು ಹೋದವನು. ಹಾರಿ ಹೊಸ್ತಿಲಿಗೆ ಬಿದ್ದ. ಜೀವ ಉಳಿಯಿತು, ಬಲ ಭುಜ ಮುರಿಯಿತು. ಆ ಕೈ ಇವತ್ತಿಗೂ ತಲೆಯ ಮಟ್ಟಕ್ಕೆ ಏಳುವುದಿಲ್ಲ.

ಕಂಪ್ಯೂಟರಿಗೆ ಗೋಣಿಚೀಲ ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರು. ನೆಂಟರು, ನೆರೆಯವರು ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗಿಯ ಆಟದ ಹುಚ್ಚು ಅಪ್ಪನ ಕೈ ತಿಂದಿತು. ಮೂರು ವಾರ ಕಳೆದು ನಾಗವೇಣಿ ಅದನ್ನು ಅದೇ ಗೋಣಿಚೀಲದಲ್ಲಿ ಬಸ್ಸಿಗೆ ಹಾಕಿ ಅಂಗಡಿಗೆ ತಂದಳು. ಇದರಲ್ಲಿ ಏನು ತಪ್ಪಿತ್ತು ಹೇಳು ಅಂದಳು. ಬಿಚ್ಚಿದೆ, ಎಲ್ಲ ನೋಡಿದೆ. ಏನೂ ತಪ್ಪಿರಲಿಲ್ಲ. ಮನೆಯಲ್ಲಿ ಆವತ್ತು ಇನ್ನೇನು ನಡೆದಿತ್ತು ಎಂದು ಕೇಳಿದೆ. ಪಂಪು ಹಾಕಿದ್ದು, ಅದು ಆಮೇಲೆ ಸುಟ್ಟುಹೋದದ್ದು ಹೇಳಿದಳು. ಬಾವಿಯ ಹತ್ತಿರ ನೆಲ ಹೇಗಿದೆ ಎಂದು ಕೇಳಿದೆ. ಬಿರುಕು ಬಿಟ್ಟಿದೆ ಅಂದಳು. ಎಲ್ಲ ಆಗಲೇ ತಿಳಿಯಿತು.

"ಪವರ್ ಸಪ್ಲೈ ಕಮ್ಮಿದು ಮಾಡ್ದದ್ದು ನಾನೇ ಅಲ್ಲ್ವಾ ಅಕ್ಕಾ. ಕಾರ್ಡಿನ ಆಸೆಗೆ. ಅದ್ರಿಂದ್ಲೇ ಹಿಂಗಾಯ್ತಾ?" ಎಂದು ಕೇಳಿದಳು.

ಇಲ್ಲ ತಂಗೀ, ಇದು ನನ್ನಿಂದ ಆದದ್ದು ಎಂದು ಹೇಳಬೇಕಿತ್ತು. ಐದು ಶಬ್ದದ ಕೆಲಸ. ಪಕ್ಕದ ಮೇಜಿನಲ್ಲಿ ಇತ್ತೀಚೆಗೆ ಕೆಲಸಕ್ಕೆ ಸೇರಿದ್ದ ಪ್ರಕಾಶ ಕೂತಿದ್ದ, ಎದುರಿಗೆ ಇಬ್ಬರು ಗಿರಾಕಿಗಳಿದ್ದರು, ಒಳಗೆ ಮಾಲಕರ ಚಹಾದ ಲೋಟದ ಸದ್ದು. ಇಪ್ಪತ್ತೇಳು ವರ್ಷದ ಹೆಸರು ನೆನಪಾಯಿತು. "ಅದ್ರಿಂದ ಅಲ್ಲ ಹೇಳಿ ಗಟ್ಟಿ ಹೇಳ್ಲಿಕ್ಕೆ ಬರೂದಿಲ್ಲ" ಅಂದೆ.

ನಾನು ಜೀವನದಲ್ಲಿ ಆಡಿದ ಅತ್ಯಂತ ಹೇಸಿಗೆಯ ಮಾತು ಅದು. ಸುಳ್ಳು ಕೂಡ ಅಲ್ಲ, ಸುಳ್ಳಿಗಾದರೂ ಸ್ವಲ್ಪ ಧೈರ್ಯ ಬೇಕು. ಹುಡುಗಿ ತಲೆ ಆಡಿಸಿದಳು. ಒಂದು ಸ್ಕ್ರೂಡ್ರೈವರ್ ಕೊಡು ಅಂದಳು. ನನ್ನ ಎದುರಿಗೇ ಆ ಗ್ರಾಫಿಕ್ಸ್ ಕಾರ್ಡನ್ನು ತನ್ನ ಕೈಯಿಂದ ಬಿಚ್ಚಿ, ಇದನ್ನು ಯಾರಿಗಾದರೂ ಮಾರಿಕೊಡು, ಅಪ್ಪನ ಮದ್ದಿಗೆ ಆಗುತ್ತದೆ ಅಂದಳು. ಉಳಿದದ್ದನ್ನು ಮತ್ತೆ ಗೋಣಿಚೀಲಕ್ಕೆ ಹಾಕಿ ಒಯ್ದಳು. ಕಾರ್ಡನ್ನು ನಾನು ಮಾರಿಯೂ ಕೊಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಾನು ಎಲ್ಲರ ಮನೆಯ ಅರ್ಥಿಂಗ್ ಎರಡೆರಡು ಸಲ ನೋಡಿದೆ. ಹಳ್ಳಿಯವರಿಗೆಲ್ಲ ಬೇಸಿಗೆಯಲ್ಲಿ ನೀರು ಹಾಕಿ ಎಂದು ಬರೆದು ಕೊಟ್ಟೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಅಂಕೋಲೆಯಲ್ಲಿ ಆ ಝೆರಾಕ್ಸ್ ಅಂಗಡಿಯ ಮುಂದೆ ಮಾತ್ರ ಹಾಯಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಲು ಒಂದು ಗಲ್ಲಿ ಸುತ್ತು ಹಾಕುತ್ತಿದ್ದೆ.

ನವರಾತ್ರಿಗೆ ಮುಂಚೆ ಅಂಗಡಿ ಸ್ವಚ್ಛ ಮಾಡುವಾಗ ಮಾಲಕರು ಹಳೇ ಪಟ್ಟಿಗಳ ಕಟ್ಟು ಬಿಚ್ಚಿದರು. ಹಿಲ್ಲೂರಿನ ಪಟ್ಟಿಯ ಕೊನೆಯ ಸಾಲಿಗೆ ಎಳೆದ ಗೀಟು ಅವರಿಗೆ ಕಂಡಿತು. ಆ ಮನೆಯಲ್ಲಿ ಏನಾಯಿತು ಎಂಬುದು ಅವರಿಗೂ ಗೊತ್ತಿತ್ತು. ಇದು ಯಾರ ಪೆನ್ನು ಎಂದು ಕೇಳಿದರು. ನನ್ನದು ಅಂದೆ. ನೀರು ಹಾಕಲು ಹೇಳಿದ್ದೆಯಾ ಎಂದು ಕೇಳಿದರು. ಇಲ್ಲ ಅಂದೆ. ಹುಡುಗಿಗೆ ಗೊತ್ತಾ ಎಂದು ಕೇಳಿದರು. ನಾನು ಉಳಿದ ಪಟ್ಟಿಗಳನ್ನು ಕಟ್ಟತೊಡಗಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ತಪ್ಪು ಎಲ್ಲರ ಕೈಯಿಂದ್ಲೂ ಆಗ್ತದೆ ಸುಧಾಬಾಯ್" ಅಂದರು. "ಆದ್ರೆ ಅದು ಈಗ ಮತ್ತೊಬ್ಬಳ ತಲೆ ಮೇಲೆ ಉಂಟು. ಹೋಗಿ ಇಳಿಸಿ ಬಾ. ನಾ ಸಂಗ್ತಿ ಬರೂದಿಲ್ಲ."

ಭಾನುವಾರ ಹೋದೆ. ಬೊಮ್ಮಯ್ಯ ಜಗಲಿಯ ಮೇಲೆ ಎಡಗೈಯಲ್ಲಿ ಕತ್ತಿ ಹಿಡಿದು ಬಳ್ಳಿ ಸೀಳುತ್ತಿದ್ದ. ನಾಗವೇಣಿ ನೀರು ತಂದು ಕೊಟ್ಟು ಬಾಗಿಲ ಹತ್ತಿರ ನಿಂತಳು, ಬಡವಾಗಿದ್ದಳು. ನಾನು ಕೂರದೆ ನಿಂತೇ ಹೇಳಿದೆ. ಪಟ್ಟಿಯಲ್ಲಿ ಒಂದು ಸ್ವಿಚ್ಚು ಇತ್ತು, ಅದನ್ನು ಹೊಡೆದು ಹಾಕಿದ್ದು ನಾನು. ಅದಿದ್ದರೆ ಆವತ್ತು ಲೈನು ತಾನೇ ಕಡಿದು ಹೋಗುತ್ತಿತ್ತು. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು, ಅದನ್ನೂ ಹೇಳಲಿಲ್ಲ, ನನಗೆ ತೋಚಲಿಲ್ಲ. ಪವರ್ ಸಪ್ಲೈಗೂ ಇದಕ್ಕೂ ಸಂಬಂಧವೇ ಇಲ್ಲ. ನಿನ್ನದೇನೂ ತಪ್ಪಿಲ್ಲ ತಂಗೀ, ಅದು ನನಗೆ ನೀನು ಅಂಗಡಿಗೆ ಬಂದ ದಿನವೇ ಗೊತ್ತಿತ್ತು.

ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಬೊಮ್ಮಯ್ಯ ಕತ್ತಿ ಕೆಳಗಿಟ್ಟ. ನನ್ನ ಕಡೆಗಾಗಲಿ ಮಗಳ ಕಡೆಗಾಗಲಿ ನೋಡಲಿಲ್ಲ, ಬಾವಿಯ ಕಡೆ ನೋಡಿದ.

"ಗುಂಡಿಗೆ ನೀರು ಹಾಕ್ಬೇಕು ಹೇಳಿ ನಂಗೆ ಗೊತ್ತಿತ್ತು" ಅಂದ. "ಅಪ್ಪ ಇರೂತಂಕ ದಿನಾ ಹಾಕ್ತಿದ್ದ. ನಾ ಬಿಟ್ಟೆ. ಆಸ್ಪತ್ರೇಲಿ ಮಲ್ಕಂಡಾಗ್ಲೇ ನೆನಪಾಯ್ತು." ಎಡಗೈಯಿಂದ ಬಲ ಭುಜ ಹಿಡಿದುಕೊಂಡು, "ಎಲ್ಲರೂ ಮಗಳ್ದೇ ತಪ್ಪು ಅಂದ್ರು. ನಾನೂ ಸುಮ್ನಾದೆ" ಅಂದ.

ನಾಗವೇಣಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. "ಹಂಗಾದ್ರೆ ನಿಮ್ಗಿಬ್ರಿಗೂ ಗೊತ್ತಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಬಸ್ಸಿಗೆ ಹೊರಡುವ ತನಕ ಹೊರಗೆ ಬರಲಿಲ್ಲ. ಅವಳ ಅಮ್ಮ ನನಗೆ ಊಟ ಬಡಿಸಿದಳು. ನಾನು ಉಂಡೆ.

ನಾನು ಕೆಲಸ ಬಿಡುವ ಮೊದಲಿನ ತಿಂಗಳು ಅವಳು ಅಂಗಡಿಗೆ ಬಂದಳು. ಅಪ್ಪನೂ ಬಂದಿದ್ದ, ಹೊರಗಿನ ಬೆಂಚಿನ ಮೇಲೆ ಕೂತ. ನಾನು ಎದ್ದು ನಿಂತೆ. ಮಾರಿಕೊಟ್ಟ ಕಾರ್ಡಿಗಿಂತ ಒಳ್ಳೆಯದನ್ನು ನನ್ನ ದುಡ್ಡಿನಿಂದ ಕೊಡಬೇಕೆಂದು ಆಗಲೇ ತೆಗೆದಿರಿಸಿದ್ದೆ. ಅವಳು ನನ್ನ ಮೇಜು ದಾಟಿ ಪ್ರಕಾಶನ ಎದುರಿಗೆ ಹೋಗಿ ಕೂತಳು. ಚೀಲದಿಂದ ಪಟ್ಟಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಓದಲು ಹೊರಟಾಗ ಕೈ ಅಡ್ಡ ಇಟ್ಟು, ಮೊದಲು ಮನೆ ಎಲ್ಲಿ ಎಂದು ಕೇಳಿ ಅಂದಳು. ನಮ್ಮ ಮನೆ ಹಿಲ್ಲೂರು, ನೆಲ ಕಲ್ಲು, ಟ್ರಿಪ್ ಸ್ವಿಚ್ ಆಗಲೇ ಹಾಕಿಸಿದ್ದೇನೆ, ಗುಂಡಿಗೆ ನೀರು ನಾನೇ ಹಾಕುತ್ತೇನೆ ಎಂದು ಒಂದೊಂದಾಗಿ ಹೇಳಿದಳು. ಪ್ರಕಾಶ ಏನು ಮಾಡಲಿ ಎಂದು ನನ್ನ ಕಡೆ ನೋಡಿದ. ಬರೆದುಕೋ ಎಂದು ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಪ್ರಕಾಶ ಕೊಟ್ಟ ಕಾರ್ಡು ಹಿಡಿದು ಅಪ್ಪನ ಜೊತೆ ಬಸ್ಸಿಗೆ ಹೋದಳು, ಮತ್ತೆ ನನ್ನ ಹತ್ತಿರ ಯಾವತ್ತೂ ಬರಲಿಲ್ಲ.